ಸುಣ್ಣದ ಗೆರೆ ಬೀಳುವ ಮೊದಲು: ಹಾಸನ, ಚಿಕ್ಕಮಗಳೂರಿನ ವಿದ್ಯುತ್ ಮಾರ್ಗಗಳಿಗೆ ಪುರಾತತ್ವ ಸರ್ವೆ ಯಾವಾಗ, ಹೇಗೆ?

ಹೈಟೆನ್ಷನ್ ಲೈನು ನೆಲವನ್ನು ಮುಟ್ಟುವುದು ಬಹಳ ಕಡಿಮೆ. 220 ಕೆವಿ ಮಾರ್ಗದಲ್ಲಿ ಒಂದು ಟವರ್‌ಗೂ ಇನ್ನೊಂದಕ್ಕೂ ಸುಮಾರು 350 ಮೀಟರ್ ಅಂತರ. 40 ಕಿ.ಮೀ. ಉದ್ದದ ಲೈನಿಗೆ ಹೆಚ್ಚುಕಡಿಮೆ 120 ಟವರ್ ಬರುತ್ತವೆ. ಒಂದೊಂದರ ಬುಡಕ್ಕೆ 10 ಮೀಟರ್ ಚೌಕ ಹಿಡಿದರೂ ಒಟ್ಟು ಮೂರು ಎಕರೆ ಆಗುವುದಿಲ್ಲ. ತಂತಿಯ ಕೆಳಗಿನ 35 ಮೀಟರ್ ಅಗಲದ ಕಾರಿಡಾರ್ ಲೆಕ್ಕ ಹಾಕಿದರೆ ಅದು 140 ಹೆಕ್ಟೇರ್, ಅಂದರೆ ಸುಮಾರು 346 ಎಕರೆ. ರಸ್ತೆ, ಕಾಲುವೆಗಳು ನೆಲವನ್ನು ಉದ್ದಕ್ಕೂ ಬಗೆಯುತ್ತವೆ, ಅಣೆಕಟ್ಟು ಊರನ್ನೇ ಮುಳುಗಿಸುತ್ತದೆ. ಲೈನು ಮಾತ್ರ ಅಲ್ಲೊಂದು ಇಲ್ಲೊಂದು ಕಾಲೂರಿ, ನಡುವಿನ ವೀರಗಲ್ಲು, ಹಾಳುಗುಡಿ, ಕಲ್ಲುಗೋರಿಗಳನ್ನು ಮುಟ್ಟದೆ ದಾಟಿ ಹೋಗಬಲ್ಲದು.

ಹಾಗಿದ್ದೂ ಈ ಎರಡು ಜಿಲ್ಲೆಗಳಲ್ಲಿ ಅಪಾಯ ಉಳಿದಿರುವುದು ಜಾಗ ಸಾಲದ್ದಕ್ಕಲ್ಲ, ಹೊತ್ತು ಮೀರಿ ಕೇಳುವುದಕ್ಕೆ. ‘ಇಲ್ಲಿ ಹಳೆಯದೇನಾದರೂ ಇದೆಯೇ’ ಎಂಬ ಪ್ರಶ್ನೆ ಏಳುವಷ್ಟರಲ್ಲಿ ಟವರ್ ಪಟ್ಟಿ ಅಂತಿಮವಾಗಿ, ಉಕ್ಕಿಗೆ ಆರ್ಡರ್ ಹೋಗಿ, ಗುಂಡಿಗೆ ಸುಣ್ಣದ ಗೆರೆ ಬಿದ್ದಿರುತ್ತದೆ.

ಲೈನಿನ ಕೆಲಸದ ಕ್ರಮ ನೋಡಿದರೆ ಇದು ತಿಳಿಯುತ್ತದೆ. ಮೊದಲು ಟೋಪೋ ನಕ್ಷೆ ಮತ್ತು ಉಪಗ್ರಹ ಚಿತ್ರದ ಮೇಲೆ ಎರಡು ಮೂರು ಪರ್ಯಾಯ ದಾರಿ ಎಳೆಯುತ್ತಾರೆ. ಒಂದನ್ನು ಆರಿಸಿ ನಡೆದು ನೋಡುತ್ತಾರೆ. ಆಮೇಲೆ ಲೈನು ತಿರುಗುವ ಬಿಂದುಗಳನ್ನು, ಅಂದರೆ ಆಂಗಲ್ ಪಾಯಿಂಟ್‌ಗಳನ್ನು ನಿಲ್ಲಿಸುತ್ತಾರೆ. ಅವುಗಳ ನಡುವಿನ ನೆಲದ ಏರಿಳಿತ ಅಳೆದು ಪ್ರೊಫೈಲ್ ಬರೆದು, ಅದರ ಮೇಲೆ ಟವರ್ ಕೂರಿಸುತ್ತಾರೆ. ಟವರ್ ಶೆಡ್ಯೂಲ್, ಅಂದರೆ ಯಾವ ಟವರ್ ಎಲ್ಲಿ ಎಂಬ ಪಟ್ಟಿ, ಹುಟ್ಟುವುದು ಇಲ್ಲಿ. ಕೊನೆಗೆ ನೆಲದ ಮೇಲೆ ಮತ್ತೆ ತಾಳೆ ನೋಡುವ ಚೆಕ್ ಸರ್ವೆ, ಗುಂಡಿ ಗುರುತು ಹಾಕುವ ಪಿಟ್ ಮಾರ್ಕಿಂಗ್, ಅಗೆತ. ಪುರಾತತ್ವದವರು ನೆಲ ನೋಡಬೇಕಾದ್ದು ಆಂಗಲ್ ಪಾಯಿಂಟ್ ನಿಲ್ಲಿಸುವ ಮೊದಲು ಒಮ್ಮೆ, ಶೆಡ್ಯೂಲ್‌ಗೆ ಸಹಿ ಬೀಳುವ ಮೊದಲು ಇನ್ನೊಮ್ಮೆ. ಆಮೇಲೆ ಬಂದವರಿಗೆ ಫೋಟೊ ತೆಗೆಯುವ ಕೆಲಸವಷ್ಟೇ ಉಳಿಯುತ್ತದೆ.

ಈಗಿನ ಪದ್ಧತಿಯಲ್ಲಿ ಆ ಪ್ರಶ್ನೆ ಕಡ್ಡಾಯವಾಗಿ ಏಳುವ ಜಾಗ ಮುಖ್ಯವಾಗಿ ಒಂದು: ಅರಣ್ಯ ಅನುಮತಿಯ ಅರ್ಜಿ. ಸಂರಕ್ಷಿತ ಪುರಾತತ್ವ ನೆಲೆ ಅಥವಾ ಮಹತ್ವದ ಸ್ಮಾರಕ ಆ ಪ್ರದೇಶದಲ್ಲಿದೆಯೇ ಎಂದು ಅದರಲ್ಲಿ ಕೇಳುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆ ಕಾಡು ದಾಟುವ ಲೈನಿಗೆ ಈ ಪ್ರಶ್ನೆ ಎದುರಾಗುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲಿನಲ್ಲಿ ಕಾಡೇ ಅಡ್ಡ ಬಾರದಿದ್ದರೆ ಕೇಳುವವರಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ವಿದ್ಯುತ್ ಪ್ರಸರಣ ಮಾರ್ಗಗಳು ಇಲ್ಲದಿರುವುದರಿಂದ ಪರಿಸರ ವರದಿಯ ದಾರಿಯೂ ಮುಚ್ಚಿದೆ. ವಿಶ್ವಬ್ಯಾಂಕಿನಂಥ ಸಾಲ ಕೊಡುವ ಸಂಸ್ಥೆಯ ಹಣವಿದ್ದರೆ ಸಾಂಸ್ಕೃತಿಕ ಪರಂಪರೆಯ ಷರತ್ತು ಬರುತ್ತದೆ, ಸ್ವಂತ ಹಣದ ಕಾಮಗಾರಿಗೆ ಅದೂ ಇಲ್ಲ.

ಸ್ಮಾರಕಗಳ ಕಾನೂನು ಇದೆಯಲ್ಲ ಎನ್ನಬಹುದು. ಇದೆ, ಆದರೆ ಅದರ ಅಳತೆ ಬೇರೆ. 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯಂತೆ, ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಅಮೃತಾಪುರಗಳ ಗುಡಿಗಳ ಸುತ್ತ ಅಧಿಕಾರಿಗಳು ವೃತ್ತ ಹಾಕಿ ನೋಡುವುದು ಇದನ್ನೇ. ಆದರೆ ಅದೇ ತಿದ್ದುಪಡಿ ‘ನಿರ್ಮಾಣ’ ಎಂದರೇನು ಎಂದು ಹೇಳುವಾಗ, ಸಾರ್ವಜನಿಕರಿಗೆ ವಿದ್ಯುತ್ ಸರಬರಾಜು ಮತ್ತು ವಿತರಣೆಗಾಗಿ ಮಾಡುವ ಕೆಲಸವನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಊರಿಗೆ ಬೆಳಕು ಕೊಡುವ 11 ಕೆವಿ ಕಂಬಕ್ಕೆ ಈ ವಿನಾಯಿತಿ ಬೇಕಾದದ್ದೇ. ಒಂದು ಸ್ಟೇಷನ್‌ನಿಂದ ಇನ್ನೊಂದು ಸ್ಟೇಷನ್‌ಗೆ ಹೋಗುವ 220 ಅಥವಾ 400 ಕೆವಿ ಮಾರ್ಗವೂ ಇದರೊಳಗೆ ಬರುತ್ತದೆಯೇ ಎಂಬುದು ವಾದಕ್ಕೆ ಎಡೆಯಿರುವ ಮಾತು. ಆ ವಾದದ ಮೇಲೆ ಲೈನು ಎಳೆಯಲು ಹೊರಡುವುದು ಜಾಣತನವಲ್ಲ, ಲಿಖಿತ ಅಭಿಪ್ರಾಯ ಪಡೆದೇ ಮುಂದೆ ಹೋಗಬೇಕು. ಸ್ಮಾರಕದ ಸಂರಕ್ಷಿತ ಎಲ್ಲೆಯೊಳಗೆ ಅಗೆಯುವುದಕ್ಕಂತೂ 19ನೇ ಕಲಮಿನಡಿ ಕೇಂದ್ರದ ಅನುಮತಿ ಬೇಕೇ ಬೇಕು. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯ್ದೆ ಪ್ರತ್ಯೇಕ. 2023ರಲ್ಲಿ ಬೇಲೂರು, ಹಳೇಬೀಡು ಗುಡಿಗಳು ಸೋಮನಾಥಪುರದ ಜೊತೆ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ನೋಟದ ಪ್ರಶ್ನೆಯೂ ಸೇರಿಕೊಂಡಿದೆ: 300 ಮೀಟರ್ ಆಚೆಗಿದ್ದರೂ ನಲವತ್ತು ಮೀಟರ್ ಎತ್ತರದ ಟವರ್ ಗುಡಿಯ ಹಿನ್ನೆಲೆಯಲ್ಲಿ ಎದ್ದು ಕಾಣುತ್ತದೆ.

ಇವೆಲ್ಲ ಪಟ್ಟಿಯಲ್ಲಿರುವ ಗುಡಿಗಳ ಮಾತು. ಲೈನಿಗೆ ಸಿಕ್ಕಿ ಹಾಳಾಗುವ ಸಾಧ್ಯತೆ ಹೆಚ್ಚಿರುವುದು ಪಟ್ಟಿಯಲ್ಲಿ ಇಲ್ಲದ್ದಕ್ಕೆ. ಹಾಸನ ಜಿಲ್ಲೆಯ ಶಾಸನಗಳನ್ನು ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಸಂಪುಟವಾಗಿ ಹೊರತಂದದ್ದು 1902ರಲ್ಲಿ. ಅಂದಿನ ಕಡೂರು ಜಿಲ್ಲೆಯ, ಅಂದರೆ ಇಂದಿನ ಚಿಕ್ಕಮಗಳೂರಿನ ಸಂಪುಟ ಬಂದದ್ದು ಅದಕ್ಕೂ ಒಂದು ವರ್ಷ ಮೊದಲು. ಅಷ್ಟು ಜತನದ ಹುಡುಕಾಟ ನಡೆದ ಬೇಲೂರು ಸೀಮೆಯಲ್ಲೇ ಹಲ್ಮಿಡಿ ಶಾಸನ ವಿದ್ವಾಂಸರ ಬೆಳಕಿಗೆ ಬಂದದ್ದು 1936ರಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರಿಂದ. ಊರಿನಲ್ಲೇ ನಿಂತಿದ್ದ ಕಲ್ಲಿನ ಕಥೆ ಹೀಗಾದರೆ ಮಣ್ಣಿನಡಿಯ ನೆಲೆಗಳ ಪಟ್ಟಿ ಪೂರ್ತಿಯಾಗಿದೆ ಎಂದು ನಂಬುವುದು ಹೇಗೆ? ಹಳೇಬೀಡಿನಲ್ಲೂ ಅಷ್ಟೆ. ಅದರ ಹಳೆಯ ಹೆಸರಾದ ದೋರಸಮುದ್ರ ಎಂದರೆ ಹೊಯ್ಸಳೇಶ್ವರ ಗುಡಿಯೊಂದೇ ಅಲ್ಲ. ಕೋಟೆಗೋಡೆ ಹೊಲಗಳ ನಡುವೆ ಹಾಯುತ್ತದೆ, ಕೆರೆ, ಬಸದಿಗಳು, ಹುಲಿಕೆರೆಯ ಕಲ್ಯಾಣಿ ಎಲ್ಲ ಸೇರಿ ಒಂದು ರಾಜಧಾನಿಯ ಹರಹು ಅದು. ಗುಡಿಯಿಂದ ಟೇಪು ಹಿಡಿದು 300 ಮೀಟರ್ ಅಳೆದರೆ ರಾಜಧಾನಿಯ ಬಹುಪಾಲು ಟೇಪಿನ ಹೊರಗೇ ಉಳಿಯುತ್ತದೆ.

ಖರಾಬು ಜಮೀನಿನ ತೊಡಕು

ಈ ಭಾಗದಲ್ಲಿ ಲೈನು ಮತ್ತು ಹಳೆಯ ನೆಲೆಗಳು ಒಂದೇ ಕಡೆ ಬಂದು ಕೂರುವುದು ಕಾಕತಾಳೀಯವಲ್ಲ. ಬೆಳೆ ಜಮೀನಿನಲ್ಲಿ ಟವರ್ ಬೇಡವೆಂದು ರೈತರು ಪಟ್ಟು ಹಿಡಿಯುತ್ತಾರೆ, ಅದು ಸಹಜ. ಎಂಜಿನಿಯರ್ ಟವರನ್ನು ಬದುವಿಗೆ, ಗೋಮಾಳಕ್ಕೆ, ಖರಾಬಿಗೆ ತಳ್ಳುತ್ತಾರೆ. ಎಲ್ಲರಿಗೂ ಸಮಾಧಾನ. ಆದರೆ ಖರಾಬು ಆದದ್ದು ಏಕೆ? ಬಂಡೆ, ಕಲ್ಲುದಿಬ್ಬ ಇದ್ದು ಉಳುಮೆಗೆ ಒಗ್ಗದ ಕಾರಣ ಕೆಲವನ್ನು ‘ಎ’ ಖರಾಬು ಎಂದು ಬಿಟ್ಟರು. ಸ್ಮಶಾನ, ದಾರಿ, ಹಳ್ಳ, ದೇವರ ಜಾಗ ಮುಂತಾದ ಸಾರ್ವಜನಿಕ ಬಳಕೆಯದ್ದನ್ನು ‘ಬಿ’ ಖರಾಬು ಎಂದು ಬರೆದರು. ನೂರಾರು ವರ್ಷ ನೇಗಿಲು ಕಾಣದ ನೆಲ ಎಂದರೆ ಕಲ್ಲುವೃತ್ತ, ಮಾಸ್ತಿಕಲ್ಲು, ಕುಸಿದ ಗುಡಿಯ ಅಡಿಪಾಯ ಇನ್ನೂ ಇದ್ದಲ್ಲೇ ಇರಬಹುದಾದ ನೆಲ. ಪಹಣಿಯಲ್ಲಿ ಖರಾಬು ಎಂದು ಕಂಡ ಒಂದೊಂದು ಟವರ್ ಜಾಗವನ್ನೂ ಮೊದಲು ನೋಡಬೇಕಾದ ಸಾಲಿಗೆ ಹಾಕಬೇಕು. ಈಗ ಆಗುತ್ತಿರುವುದು ತಿರುವುಮುರುವು: ತಕರಾರಿಲ್ಲದ ಜಾಗವೆಂದು ಅದನ್ನು ಯಾರೂ ನೋಡುವುದೇ ಇಲ್ಲ.

ಗುಡ್ಡದ ನೆತ್ತಿಯದೂ ಇದೇ ಕಥೆ. ತಂತಿಗೆ ನೆಲದಿಂದ ಅಂತರ ಸುಲಭವಾಗಿ ಸಿಗುವುದರಿಂದ ಎಂಜಿನಿಯರ್‌ಗೆ ದಿಣ್ಣೆಯೇ ಇಷ್ಟ. ಕೋಟೆ ಕಟ್ಟಿದವರೂ ಕಾವಲು ಕೂತವರೂ ಗುಡ್ಡದ ಮೇಲೆ ಗುಡಿ ನಿಲ್ಲಿಸಿದವರೂ ಬಯಸಿದ್ದು ಅದನ್ನೇ.

ಕಾಗದದ ಕೆಲಸ

ನೆಲಕ್ಕೆ ಇಳಿಯುವ ಮೊದಲಿನ ಹುಡುಕಾಟ ಅರ್ಧ ಕೆಲಸ ಮುಗಿಸುತ್ತದೆ, ಖರ್ಚೂ ಕಡಿಮೆ. ಲೈನು ಹಾಯುವ ಒಂದೊಂದು ಗ್ರಾಮದ ಹೆಸರನ್ನೂ ತಾಲ್ಲೂಕುವಾರು ಶಾಸನ ಸಂಪುಟದಲ್ಲಿ, ಮೈಸೂರು ಪುರಾತತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳಲ್ಲಿ ನೋಡಬೇಕು. ಆ ಸಂಪುಟಗಳು ಶಾಸನ ಎಲ್ಲಿ ಸಿಕ್ಕಿತು ಎಂಬುದನ್ನು ‘ಊರ ಮುಂದಿನ ಹೊಲದಲ್ಲಿ’, ‘ಕೆರೆ ಏರಿಯ ಮೇಲೆ’ ಎಂಬ ಧಾಟಿಯಲ್ಲಿ ಹೇಳುತ್ತವೆ. ಅದನ್ನು ಇಂದಿನ ಸರ್ವೆ ನಂಬರಿಗೆ ಹೊಂದಿಸುವುದು ಊರಿನ ಹಿರಿಯರ ಜೊತೆ ಕೂತು ಮಾಡಬೇಕಾದ ಕೆಲಸ. ಆಮೇಲೆ ಕಂದಾಯ ದಾಖಲೆ. ಗ್ರಾಮ ನಕಾಶೆಯಲ್ಲಿ ಬೇಚರಾಕ್ ಎಂದು ಕಾಣುವ ಊರುಗಳು ಮುಖ್ಯ. ಜನ ಬಿಟ್ಟುಹೋದ ಗ್ರಾಮ ಎಂದೇ ಅದರರ್ಥ, ಅಲ್ಲಿ ಹಳೆಯ ಊರಿನ ದಿಬ್ಬ ಇರುವ ಸಂಭವ ಹೆಚ್ಚು. ಹಾಳೂರು ದಿಬ್ಬ, ಕೋಟೆಹೊಲ, ಬಸ್ತಿತಿಟ್ಟು, ಗುಡಿಹೊಲ, ಮಾಸ್ತಿಗುಡಿ ಬಯಲು ಎಂಬಂಥ ಹೊಲದ ಹೆಸರುಗಳು ಪಹಣಿಯಲ್ಲಿ ಇರುವುದಿಲ್ಲ, ಬಾಯಲ್ಲಿ ಇರುತ್ತವೆ. ಗ್ರಾಮ ಸಹಾಯಕರನ್ನೂ ದನ ಕಾಯುವವರನ್ನೂ ಕೇಳಿದರೆ ಒಂದೇ ಬೆಳಿಗ್ಗೆಯಲ್ಲಿ ಸಿಗುತ್ತವೆ. ‘ಪಾಂಡವರ ಗುಡಿ’ ಎಂದು ಊರವರು ತೋರಿಸುವ ಕಲ್ಲುಚಪ್ಪಡಿಯ ಗೂಡು ಬೃಹತ್ ಶಿಲಾಯುಗದ ಗೋರಿ ಆಗಿರುವುದು ಅಪರೂಪವಲ್ಲ.

ಇನ್ನೊಂದು ಆಕರ ಈಗಾಗಲೇ ಕಂಪನಿಯ ಕಂಪ್ಯೂಟರಿನಲ್ಲೇ ಇರಬಹುದು. ಮರಗಳ ಎತ್ತರ, ನೆಲದ ಪ್ರೊಫೈಲ್ ತಿಳಿಯಲು ಲಿಡಾರ್ (ಮೇಲಿನಿಂದ ಲೇಸರ್ ಬಿಟ್ಟು ನೆಲವನ್ನು ಬಿಂದುಬಿಂದುವಾಗಿ ಅಳೆಯುವ ಯಂತ್ರ) ಹಾರಿಸಿದ್ದರೆ, ಅದೇ ದತ್ತಾಂಶದಿಂದ ಎಲೆಗೊಂಚಲು ಕಳೆದು ಬರೀ ನೆಲವನ್ನು ನೋಡಬಹುದು. ಕಾಫಿ ತೋಟದ ನೆರಳಿನಡಿ ಕಾಣದ ಕಂದಕ, ಕೋಟೆಗೋಡೆ, ಏರಿಯ ಸಾಲು ಇಲ್ಲಿ ತೋರುತ್ತದೆ. ಒಂದು ಎಚ್ಚರ: ಲೈನಿನವರಿಗೆ ಬೇಕಾದ ನೆಲದ ಮಾದರಿಯನ್ನು ತಯಾರಿಸುವಾಗ ಸಾಫ್ಟ್‌ವೇರ್ ಮೊಣಕಾಲೆತ್ತರದ ಗೋಡೆಗಳನ್ನು ಪೊದೆ ಎಂದು ಸವರಿಬಿಡುತ್ತದೆ. ಪುರಾತತ್ವಕ್ಕೆ ಮೂಲ ಬಿಂದುಗಳನ್ನೇ ಕೇಳಿ ಪಡೆದು, ಅರ್ಧ ಮೀಟರ್ ಗ್ರಿಡ್‌ನಲ್ಲಿ, ಬೆಳಕು ಬೇರೆ ಬೇರೆ ದಿಕ್ಕಿನಿಂದ ಬಿದ್ದಂತೆ ನೋಡಬೇಕು. ದಟ್ಟ ತೋಟದಲ್ಲಿ ನೆಲ ಮುಟ್ಟಿದ ಬಿಂದುಗಳೇ ವಿರಳವಾಗಿದ್ದರೆ ಈ ಚಿತ್ರದಲ್ಲಿ ಏನೂ ಕಾಣಲಿಲ್ಲ ಎಂಬುದಕ್ಕೆ ಅರ್ಥವಿಲ್ಲ.

ನಡೆದು ನೋಡುವುದು

ಕಾರಿಡಾರ್ ಅಗಲ 35 ಮೀಟರ್ ಎಂದು ಅಷ್ಟನ್ನೇ ನೋಡಿದರೆ ಟವರ್ ಸರಿಸುವ ಜಾಗ ತಿಳಿಯುವುದಿಲ್ಲ. ನಡುಗೆರೆಯ ಎರಡೂ ಕಡೆ 100 ಮೀಟರ್ ಹಿಡಿಯುವುದು ಲೇಸು. ಐದು ಜನ ಹತ್ತತ್ತು ಮೀಟರ್ ಬಿಟ್ಟು ಸಾಲಾಗಿ ನಡೆದರೆ ಒಮ್ಮೆಗೆ 50 ಮೀಟರ್ ಪಟ್ಟಿ ಮುಗಿಯುತ್ತದೆ, 200 ಮೀಟರ್‌ಗೆ ನಾಲ್ಕು ಸಾರಿ. ದಿನಕ್ಕೆ 5 ಕಿ.ಮೀ. ಎಂದರೆ 40 ಕಿ.ಮೀ. ಲೈನಿಗೆ 32 ದಿನ ಆಯಿತು. ಇಷ್ಟು ಬಿಡುವಿಲ್ಲದಿದ್ದರೆ ಪೂರ್ತಿ ನಡಿಗೆಯನ್ನು ಅನುಮಾನ ಬಂದ ಗ್ರಾಮಗಳಿಗೆ ಮೀಸಲಿಟ್ಟು, ಉಳಿದೆಡೆ ಒಂದೊಂದು ಟವರ್ ಬಿಂದುವಿನ ಸುತ್ತ 100 ಮೀಟರ್ ಚೌಕ ನೋಡಬಹುದು. ದಿನಕ್ಕೆ ಆರೇಳು ಟವರ್ ಆಗುತ್ತದೆ. ಇದೆಲ್ಲ ಅಂದಾಜಿನ ಲೆಕ್ಕ; ಮಲೆನಾಡಿನ ಇಳಿಜಾರಿನಲ್ಲಿ ಅರ್ಧಕ್ಕೆ ಇಳಿಯುತ್ತದೆ.

ಕಾಲ ತಪ್ಪಿದರೆ ನಡಿಗೆ ದಂಡ. ರಾಗಿ, ಜೋಳ ಬೆಳೆದು ನಿಂತಿರುವಾಗ ನೆಲ ಕಾಣುವುದಿಲ್ಲ. ಕೊಯ್ಲಾದ ಮೇಲೆ ಮಾಗಿ ಉಳುಮೆ ಬಿದ್ದು, ಮುಂಗಾರಿಗೆ ಮುಂಚಿನ ಒಂದೆರಡು ಮಳೆ ಹೊಡೆದು ದೂಳು ತೊಳೆದ ಮಾರನೆಯ ವಾರ ಬಯಲುಸೀಮೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಹೊತ್ತು. ಹಾಸನದ ಆಲೂಗೆಡ್ಡೆ ಹೊಲಗಳಲ್ಲಿ ಬಿತ್ತನೆಗೆ ಮಣ್ಣು ಹದ ಮಾಡಿದಾಗ ಬೋಕಿಗಳು, ಅಂದರೆ ಮಡಕೆ ಚೂರುಗಳು, ತಾವಾಗಿ ಮೇಲೆ ಬರುತ್ತವೆ. ಕಾಫಿ ತೋಟದಲ್ಲಿ ತರಗೆಲೆಯ ಹಾಸು ವರ್ಷವಿಡೀ ಮುಚ್ಚಿರುತ್ತದೆ, ಅಲ್ಲಿ ನೆಲದ ಮೇಲಲ್ಲ, ನೆಲದ ಅಂಚಿನಲ್ಲಿ ನೋಡಬೇಕು: ಮಳೆನೀರು ಇಂಗಲು ತೋಡುವ ತೊಟ್ಟಿಲುಗುಂಡಿಯ ಗೋಡೆ, ಹೊಸ ಗಿಡಕ್ಕೆ ತೆಗೆದ ಗುಂಡಿ, ರಸ್ತೆ ಕೊರೆದ ದರೆ, ಚರಂಡಿಯ ಪಕ್ಕ. ಹೊಯ್ಸಳರ ಮೂಲನೆಲೆ ಎನ್ನುವ ಮೂಡಿಗೆರೆಯ ಅಂಗಡಿಯಲ್ಲಿ ಬಸದಿ, ಗುಡಿಗಳು ಇರುವುದು ಇಂಥದೇ ಹಸಿರಿನ ನಡುವೆ.

ಕಂಡದ್ದನ್ನು ಓದುವುದರಲ್ಲಿ ತಪ್ಪುವುದು ಹೆಚ್ಚಾಗಿ ಕಲ್ಲುಗುಡ್ಡೆಗಳ ವಿಷಯದಲ್ಲಿ. ಹೊಲ ಹಸನು ಮಾಡುವಾಗ ಆಯ್ದು ಹಾಕಿದ ರಾಶಿ ಬದುವಿಗೆ ಒತ್ತಿಕೊಂಡಿರುತ್ತದೆ, ಕೈಯಲ್ಲಿ ಎತ್ತುವ ಗಾತ್ರದ ಕಲ್ಲು, ಅಡಿಯಲ್ಲಿ ಸಡಿಲ. ಗೋರಿಯ ಸುತ್ತಿನ ಗುಂಡುಗಳು ದೊಡ್ಡವು, ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ, ಸುತ್ತು ಎಲ್ಲೋ ಒಂದೆಡೆ ಕಡಿದಿದ್ದರೂ ಬಳಸಿ ನೋಡಿದರೆ ವೃತ್ತ ಕೂಡಿಕೊಳ್ಳುತ್ತದೆ. ಪಕ್ಕದಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪಾದ ನುಣುಪು ಬೋಕಿ ಸಿಕ್ಕರೆ ಅನುಮಾನ ಗಟ್ಟಿ. ಬೂದಿ ಬಣ್ಣದ ಮಣ್ಣು, ಇಟ್ಟಿಗೆ ಚೂರು, ಬೀಸುಕಲ್ಲಿನ ತುಂಡು ಹರಡಿದ್ದರೆ ಹಳೆಯ ಊರು. ಗುಳ್ಳೆಗುಳ್ಳೆಯಾದ ಭಾರದ ಕಿಟ್ಟ ರಾಶಿಯಾಗಿದ್ದರೆ ಕಬ್ಬಿಣ ಕರಗಿಸಿದ ಜಾಗ. ಒಂಟಿ ವೀರಗಲ್ಲು ಬದುವಿನಲ್ಲಿ ನಿಂತಿದ್ದರೆ ಅದು ಬೇರೆಡೆಯಿಂದ ತಂದು ನೆಟ್ಟದ್ದೂ ಇರಬಹುದು, ಹಾಗೆಂದು ಕಿತ್ತು ಆಚೆ ಇಡುವ ಹಾಗಿಲ್ಲ. ನಿಂತ ಜಾಗದಲ್ಲೇ ಅಕ್ಷಾಂಶ ರೇಖಾಂಶ ಬರೆದುಕೊಂಡು, ನಾಲ್ಕೂ ಕಡೆಯ ಫೋಟೊ ತೆಗೆದು, ಸುತ್ತ 10 ಮೀಟರ್ ಯಂತ್ರ ಬಾರದಂತೆ ಬಿಡಬೇಕು. ಸರ್ವೆಯವರು ಗುರುತಿಗೆ ಕೈಗೆ ಸಿಕ್ಕ ನಿಂತ ಕಲ್ಲಿಗೆಲ್ಲ ಕೆಂಪು ಪೇಂಟು ಬಳಿಯುವ ಅಭ್ಯಾಸ ಮೊದಲು ನಿಲ್ಲಬೇಕು.

ನೋಡಬೇಕಾದ್ದು ಟವರ್ ಬುಡವಷ್ಟೇ ಅಲ್ಲ. ಹಿಟಾಚಿ, ಟ್ರ್ಯಾಕ್ಟರ್ ಹೋಗುವ ತಾತ್ಕಾಲಿಕ ದಾರಿ, ತಂತಿ ಎಳೆಯುವ ಯಂತ್ರ ನಿಲ್ಲಿಸುವ ಅಂಗಳ, ಇಳಿಜಾರಿನಲ್ಲಿ ನೆಲ ಮಟ್ಟ ಮಾಡುವ ಬೆಂಚಿಂಗ್, ಅದಕ್ಕೆ ಮಣ್ಣು ತರುವ ಜಾಗ, ಇವೆಲ್ಲ ಸೇರಿದರೆ ಟವರ್ ಬುಡಕ್ಕಿಂತ ಹೆಚ್ಚಿನ ನೆಲ ಕದಡುತ್ತದೆ. ಎಲ್ಲರೂ ಮರೆಯುವುದು ಅರ್ಥಿಂಗ್, ಅಂದರೆ ಸಿಡಿಲು, ಸೋರಿದ ವಿದ್ಯುತ್ತು ನೆಲಕ್ಕಿಳಿಯಲು ಮಾಡುವ ಜೋಡಣೆ. ಕಲ್ಲುನೆಲದಲ್ಲಿ ಪೈಪ್ ಅರ್ಥಿಂಗ್‌ನಿಂದ ಟವರ್ ಬುಡದ ರೋಧ 10 ಓಮ್‌ಗೆ ಇಳಿಯದಿದ್ದರೆ, ನಾಲ್ಕು ಕಾಲಿನಿಂದ ನಾಲ್ಕು ದಿಕ್ಕಿಗೆ ಹದಿನೈದು ಮೀಟರ್ ಅಥವಾ ಇನ್ನೂ ಉದ್ದಕ್ಕೆ, ಅರ್ಧದಿಂದ ಒಂದು ಮೀಟರ್ ಆಳದಲ್ಲಿ ತಂತಿ ಹೂಳುತ್ತಾರೆ. ಟವರ್ ನಿಂತ ಮೇಲೆ ತೋಡುವ ಈ ಚರಂಡಿ ಯಾವ ಸರ್ವೆಯಲ್ಲೂ ಇರುವುದಿಲ್ಲ.

ಸರಿಸುವುದಕ್ಕೆ ಎಷ್ಟು ಎಡೆಯಿದೆ?

ಇದನ್ನು ಪುರಾತತ್ವದವರೂ ತಿಳಿದಿರಬೇಕು, ಇಲ್ಲವಾದರೆ ಆಗದ್ದನ್ನು ಕೇಳಿ ಆಗುವುದನ್ನು ಕಳೆದುಕೊಳ್ಳುತ್ತಾರೆ. ಲೈನಿನ ಉದ್ದಕ್ಕೆ ಹಿಂದೆ ಮುಂದೆ ಸರಿಸುವುದು ಸಲೀಸು. 350 ಮೀಟರ್‌ನ ಎರಡು ಅಂತರದ ನಡುವಿನ ಟವರನ್ನು 30 ಮೀಟರ್ ಸರಿಸಿದರೆ ಒಂದು ಕಡೆ 380, ಇನ್ನೊಂದು ಕಡೆ 320 ಆಗುತ್ತದೆ. ತಂತಿಯ ಜೋಲು ಅಂತರದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 380ರ ಕಡೆ ಅದು ಸುಮಾರು 18% ಹೆಚ್ಚು. ಮೊದಲು 8 ಮೀಟರ್ ಇದ್ದದ್ದು 9.4 ಮೀಟರ್. 220 ಕೆವಿ ತಂತಿ ನೆಲದಿಂದ ಕನಿಷ್ಠ 7 ಮೀಟರ್ ಮೇಲಿರಬೇಕು, 400 ಕೆವಿಗೆ 8.84. ಕೊರತೆ ಬಿದ್ದರೆ 3 ಮೀಟರ್‌ನ ಎಕ್ಸ್‌ಟೆನ್ಷನ್ ಹಾಕಿ ಟವರ್ ಎತ್ತರಿಸುತ್ತಾರೆ. ಕಾಗದದ ಮೇಲಿರುವಾಗ ಇದು ಅರ್ಧ ದಿನದ ಕೆಲಸ.

ಪಕ್ಕಕ್ಕೆ ಸರಿಸುವುದು ಹಾಗಲ್ಲ. ನೇರ ಲೈನಿನ ‘ಎ’ ಮಾದರಿಯ ಟವರ್ 2 ಡಿಗ್ರಿ ತಿರುವನ್ನಷ್ಟೇ ತಾಳುತ್ತದೆ. 350 ಮೀಟರ್ ಅಂತರದಲ್ಲಿ ಲೆಕ್ಕ ಹಾಕಿದರೆ ಒಂದು ಟವರನ್ನು ಪಕ್ಕಕ್ಕೆ ಸರಿಸಬಹುದಾದ್ದು ಸುಮಾರು 6 ಮೀಟರ್ ಮಾತ್ರ. ಅದಕ್ಕಿಂತ ಹೆಚ್ಚು ಬೇಕೆಂದರೆ ತಿರುವಿನ ಟವರ್ ಬೇಕು, ಉಕ್ಕೂ ಕಾಂಕ್ರೀಟೂ ಹೆಚ್ಚು, ಗುಂಡಿಯೂ ದೊಡ್ಡದು. ಹತ್ತಾರು ಎಕರೆ ಹರಡಿದ ಹಳೆಯ ಊರಿನ ದಿಬ್ಬವನ್ನು ತಪ್ಪಿಸುವುದು ಆಂಗಲ್ ಪಾಯಿಂಟ್ ನಿಲ್ಲಿಸುವಾಗಲೇ ಆಗಬೇಕು ಎನ್ನುವುದು ಇದಕ್ಕೆ. ವೀರಗಲ್ಲು, ಒಂದು ಗೋರಿಯಂಥ ಚಿಕ್ಕ ನೆಲೆಗಳನ್ನು ಶೆಡ್ಯೂಲ್ ಹಂತದಲ್ಲಿ ಬಿಡಿಸಿಕೊಳ್ಳಬಹುದು.

ತಡವಾಗಿ ಸರಿಸಿದರೆ ಇನ್ನೊಂದು ಜಗಳ ಕಾದಿರುತ್ತದೆ. ಕೇಂದ್ರ ಇಂಧನ ಸಚಿವಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಟವರ್ ಬುಡಕ್ಕೆ ಜಮೀನು ಬೆಲೆಯ 200%, ಕಾರಿಡಾರ್‌ಗೆ 30% ಪರಿಹಾರ ಎಂದಿದೆ. ಒಬ್ಬರಿಗೆ ನೋಟಿಸ್ ಕೊಟ್ಟಾದ ಮೇಲೆ ಟವರ್ 30 ಮೀಟರ್ ಸರಿದು ಪಕ್ಕದವರ ಹೊಲಕ್ಕೆ ಹೋದರೆ ದುಡ್ಡೂ ಹೋಗುತ್ತದೆ, ಸಿಟ್ಟು ಕಲ್ಲಿನ ಮೇಲೆ ತಿರುಗುತ್ತದೆ. ಕಲ್ಲು ರಾತ್ರೋರಾತ್ರಿ ಕಾಣೆಯಾಗುವುದಕ್ಕೆ ಇಷ್ಟು ಸಾಕು.

ಗುಂಡಿಯಲ್ಲಿ ಸಿಕ್ಕರೆ

ಎಷ್ಟೇ ನೋಡಿದರೂ ನೆಲದಡಿಯದೆಲ್ಲ ಮೇಲೆ ತೋರುವುದಿಲ್ಲ. 220 ಕೆವಿ ಟವರಿನ ಒಂದೊಂದು ಕಾಲಿಗೆ 2ರಿಂದ 3 ಮೀಟರ್ ಚೌಕದ, ಸುಮಾರು 3 ಮೀಟರ್ ಆಳದ ಗುಂಡಿ ತೆಗೆಯುತ್ತಾರೆ. ಅದಕ್ಕೆ ಮೊದಲು ಮಣ್ಣಿನ ಜಾತಿ ತಿಳಿಯಲು ತೋಡುವ ಪರೀಕ್ಷಾ ಗುಂಡಿಗಳು ಪುರಾತತ್ವಕ್ಕೆ ಬಿಟ್ಟಿ ಸಿಗುವ ಕಿಟಕಿಗಳು. ಅವನ್ನು ಮುಚ್ಚುವ ಮೊದಲು ಬಲ್ಲವರೊಬ್ಬರು ಗೋಡೆ ಕೆರೆದು ನೋಡಿದರೆ ಬೂದಿಪದರ, ಇದ್ದಿಲು, ಚಪ್ಪಡಿ ಇದೆಯೇ ಎಂದು ಗೊತ್ತಾಗುತ್ತದೆ.

ಅಗೆಯುವಾಗ ಚಪ್ಪಡಿ ಕೋಣೆ, ಮೂಳೆ, ಇಡೀ ಮಡಕೆ, ಕೆತ್ತನೆ ಕಲ್ಲು ಕಂಡರೆ ಯಂತ್ರ ನಿಲ್ಲಿಸಿ, ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಸಿಕ್ಕ ಆಳ ಬರೆದುಕೊಂಡು, ವಸ್ತುವನ್ನು ತೊಳೆಯದೆ, ಕೀಳದೆ, ಟಾರ್ಪಾಲು ಮುಚ್ಚಿ ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ತಿಳಿಸಬೇಕು. ತೆಗೆದ ಮಣ್ಣಿನ ರಾಶಿಯನ್ನು ಬೇರೆ ಕಡೆ ಸಾಗಿಸಬಾರದು, ಜರಡಿ ಹಿಡಿಯಬೇಕಾದ್ದು ಅದನ್ನೇ. ಚಿನ್ನ ಬೆಳ್ಳಿಯಂಥದ್ದು ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಡ್ಡಾಯ. ಮಳೆಗಾಲದಲ್ಲಿ ತೆರೆದ ಗುಂಡಿಯ ಗೋಡೆ ಎರಡು ದಿನಕ್ಕೆ ಕುಸಿಯುತ್ತದೆ, ಆದ್ದರಿಂದ ಅನುಮಾನದ ಟವರ್‌ಗಳ ಅಗೆತವನ್ನು ಬೇಸಿಗೆಗೆ ಇಡುವುದು ಒಳ್ಳೆಯದು.

ಇಷ್ಟನ್ನೂ ಹಾಳೆಯಲ್ಲಿ ಬರೆದು ಗುತ್ತಿಗೆದಾರರಿಗೆ ಕೊಟ್ಟರೆ ಸಾಲದು. ಅವರಿಗೆ ಬಿಲ್ ಆಗುವುದು ಮುಗಿದ ಅಡಿಪಾಯದ ಲೆಕ್ಕದಲ್ಲಿ, ಯಂತ್ರದ ಬಾಡಿಗೆ ಓಡುವುದು ಗಂಟೆಯ ಲೆಕ್ಕದಲ್ಲಿ. ನಿಂತ ದಿನಕ್ಕೆ ದುಡ್ಡಿಲ್ಲವೆಂದರೆ ಸಿಕ್ಕದ್ದು ಕಾಂಕ್ರೀಟಿನಡಿ ಹೋಗುತ್ತದೆ. ಟೆಂಡರಿನಲ್ಲೇ ಮೂರು ವಿಷಯ ಬರಬೇಕು: ಪುರಾತತ್ವ ಕಾರಣಕ್ಕೆ ನಿಂತ ದಿನಗಳಿಗೆ ಐಡಲ್ ದರ, ಕಾಲಾವಧಿ ವಿಸ್ತರಣೆ, ಮತ್ತು ಆ ತಂಡ ತಕ್ಷಣ ಹೋಗಿ ಕೆಲಸ ಮಾಡಲು ಬೇರೆ ಟವರ್ ಜಾಗಗಳು ತಯಾರಿರುವುದು.

ರೈತರ ಭಯ ಬೇರೆ: ಕಲ್ಲು ತೋರಿಸಿದರೆ ಜಮೀನು ಹೋಯಿತು ಎಂದು. ಕೇಂದ್ರ ಕಾಯ್ದೆಯಲ್ಲಿ ಒಂದು ನೆಲೆ ಸಂರಕ್ಷಿತ ಆಗಲು ಸರ್ಕಾರ ಮೊದಲು ಎರಡು ತಿಂಗಳ ನೋಟಿಸ್ ಹೊರಡಿಸಿ, ಆಕ್ಷೇಪ ಕೇಳಿ, ಆಮೇಲೆ ಅಧಿಸೂಚನೆ ಹೊರಡಿಸಬೇಕು. ಸರ್ವೆಯ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ 100 ಮೀಟರ್ ನಿಷೇಧ ಬೀಳುವುದಿಲ್ಲ. ಇದನ್ನು ಗ್ರಾಮಸಭೆಯಲ್ಲಿ ಸ್ಪಷ್ಟವಾಗಿ ಹೇಳದೆ ಊರವರಿಂದ ಮಾಹಿತಿ ನಿರೀಕ್ಷಿಸಬಾರದು. ಅದೇ ಸಭೆಯಲ್ಲಿ ನೆಲೆಗಳ ನಕ್ಷೆಯನ್ನು ಗೋಡೆಗೆ ಅಂಟಿಸುವ ಉತ್ಸಾಹವೂ ಬೇಡ. ನಿಧಿಗಳ್ಳರಿಗೆ ಅದಕ್ಕಿಂತ ಒಳ್ಳೆಯ ದಾರಿದೀಪ ಇನ್ನೊಂದಿಲ್ಲ. ಹೊಲದಲ್ಲಿ ಬಣ್ಣದ ಬಾವುಟ ನೆಡುವ ಬದಲು ನೆಲೆಯ ಗುರುತುಗಳನ್ನು ಎಂಜಿನಿಯರ್‌ನ ನಕ್ಷೆಯಲ್ಲಿ ‘ಟವರ್ ನಿಷಿದ್ಧ’ ಎಂಬ ಪಟ್ಟಿಯಾಗಿ, ಕಾರಣ ಬರೆಯದೆ ಹಾಕಿದರೆ ಲೈನಿನ ಕೆಲಸಕ್ಕೆ ಸಾಕಾಗುತ್ತದೆ. ಕಾರಣ ಬರೆದ ಪ್ರತಿ ಇಲಾಖೆಯ ಕಡತದಲ್ಲಿರಲಿ, ಮುಂದೆ ಅದೇ ದಾರಿಯಲ್ಲಿ ಎರಡನೇ ಸರ್ಕ್ಯೂಟ್ ಅಥವಾ ಕುಡಿಯುವ ನೀರಿನ ಪೈಪು ಬಂದಾಗ ಬೇಕಾಗುತ್ತದೆ.